ಕೋಡಿಯಿಲ್ಲದ ಕೆರೆ

ತುಂಬಿರುವುದೇ ಮಂಗಳವೆಂಬುದು ಈ ನಾಡಿನ ಜನದ ಚಿರಂತನವಾದ ನಂಬಿಕೆ. ಮಹನೀಯರನ್ನು ಎದುರುಗೊಳ್ಳುವಾಗ ಹಿಡಿಯುವುದು ಪೂರ್ಣಕುಂಭವನ್ನು. ಸೊಸೆಯು ಮನೆ ತುಂಬುವಾಗ ಹೊಸ್ತಿಲ ಮೇಲೆ ಇರಿಸುವುದು ಅಕ್ಕಿ ತುಂಬಿದ ಸೇರನ್ನು. ಪ್ರಯಾಣ ಹೊರಟವನಿಗೆ ತುಂಬಿದ ಕೊಡ ಎದುರಾದರೆ ಶುಭ. ಬರಿಯ ಕೊಡ ಎದುರಾದರೆ ಅವನು ಒಳಕ್ಕೆ ಬಂದು ಒಂದು ಗಳಿಗೆ ಕುಳಿತು ಹೋಗುತ್ತಾನೆ. ಕಣಜ ತುಂಬಿರಬೇಕು, ತೊಟ್ಟಿಲು ತುಂಬಿರಬೇಕು, ಅತಿಥಿಯ ಎಲೆ ತುಂಬಿರಬೇಕು. ಹೀಗೆ ಪೂರ್ಣತೆಯನ್ನೇ ಹಾರೈಸಿ ಬಾಳಿದ ಮನಸ್ಸಿಗೆ, ಒಂದು ಪಾತ್ರೆಯನ್ನು ಬೇಕೆಂದೇ ಐದರಲ್ಲಿ ನಾಲ್ಕು ಪಾಲು ತುಂಬಿಸಿ ನಿಲ್ಲಿಸೆಂದು ಹೇಳಿದರೆ ಅದು ಸುಲಭವಾಗಿ ಒಪ್ಪುವ ಮಾತಲ್ಲ. ಆದರೆ ಅಂಥ ಮಾತೊಂದು ಈಚಿನ ವರ್ಷಗಳಲ್ಲಿ ಮನೆಮನೆಗೂ ಬಂದಿದೆ. ಲ್ಯಾಪ್‌ಟಾಪ್ ಎಂಬ ಮಡಚುವ ಗಣಕದ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಇಡಬೇಡಿ, 80ಕ್ಕೆ ನಿಲ್ಲಿಸಿ, ಆಗ ಅದು ಬಹುಕಾಲ ಬಾಳುವುದು ಎಂಬುದೇ ಆ ಮಾತು.

ಹೀಗೆಂದ ಮಾತ್ರಕ್ಕೆ ಹಿಂದಿನವರು ತುಂಬುವುದೊಂದನ್ನೇ ಬಲ್ಲವರಾಗಿದ್ದರೆಂದು ಭಾವಿಸತಕ್ಕುದಲ್ಲ. ಇಡ್ಲಿಗೆ ರುಬ್ಬಿದ ಹಿಟ್ಟನ್ನು ಪಾತ್ರೆಯ ಕಂಠದವರೆಗೆ ತುಂಬಿಸಿಟ್ಟು ಮಲಗುವ ಗೃಹಿಣಿ ಎಲ್ಲಿಯೂ ಇಲ್ಲ. ಇರುಳಿನಲ್ಲಿ ಹಿಟ್ಟು ಹುದುಗೆದ್ದು ಉಬ್ಬುವುದೆಂದು ಬಲ್ಲವಳು ಅದಕ್ಕೆ ಬೇಕಾದ ಎಡೆಯನ್ನು ಮೊದಲೇ ಬಿಟ್ಟಿರುತ್ತಾಳೆ. ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡನ್ನು ಅನ್ನಕ್ಕೂ ಒಂದನ್ನು ಪಾನಕ್ಕೂ ಕೊಟ್ಟು, ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂದು ವಿಧಿಸಿದ್ದಾನೆ. ಅಡುಗೆಮನೆಯ ಅನುಭವವೂ ವೈದ್ಯನ ಶಾಸ್ತ್ರವೂ ಇಲ್ಲಿ ಒಂದೇ ಮಾತನ್ನಾಡುತ್ತವೆ. ಬಿಟ್ಟ ತೆರಪು ಕೊರತೆಯಲ್ಲ. ಒಳಗಿರುವ ವಸ್ತು ಕೆಡದೆ ಇರುವುದಕ್ಕೆ ಅದು ಬೇಕು.

ಇದಕ್ಕಿಂತಲೂ ದೊಡ್ಡ ನಿದರ್ಶನ ಬೆಂಗಳೂರಿನವರ ಕಣ್ಣೆದುರಿನಲ್ಲಿಯೇ ಇದೆ. ಗವೀಪುರದ ಬಳಿಯ ಕೆಂಪಾಂಬುಧಿ ಕೆರೆಯನ್ನು ಕೆಂಪೇಗೌಡನ ಕಾಲದ್ದೆಂದು, ಎಂದರೆ 16ನೆಯ ಶತಮಾನದ್ದೆಂದು, ಹೇಳುತ್ತಾರೆ. ಮಲ್ಲೇಶ್ವರದ ಅಂಚಿನಲ್ಲಿರುವ ಸ್ಯಾಂಕಿ ಕೆರೆ 1882ರದು. ಎರಡಕ್ಕೂ ನಡುವೆ ಮೂರು ಶತಮಾನಗಳ ಅಂತರ. ಕಟ್ಟಿಸಿದವರ ದೇಶವೂ ಭಾಷೆಯೂ ಬೇರೆ ಬೇರೆ. ಆದರೆ ಕೆರೆ ಕಟ್ಟುವ ಧರ್ಮ ಮಾತ್ರ ಒಂದೇ. ಏರಿಯ ತಲೆಯವರೆಗೆ ನೀರು ನಿಲ್ಲುವಂತೆ ಯಾವ ಬಲ್ಲವನೂ ಕೆರೆಯನ್ನು ಕಟ್ಟುವುದಿಲ್ಲ. ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಕೋಡಿಯನ್ನಿಟ್ಟಿರುತ್ತಾರೆ. ನೀರು ಆ ಮಟ್ಟವನ್ನು ಮುಟ್ಟಿದೊಡನೆ ಕೋಡಿ ಬಿದ್ದು, ಕಾಲುವೆ ಹಿಡಿದು, ಕೆಳಗಿನ ಕೆರೆಗೆ ಹರಿದುಹೋಗುತ್ತದೆ. ಕೋಡಿ ಬಿದ್ದ ಕೆರೆಯನ್ನೇ ಊರಿನವರು ತುಂಬಿದ ಕೆರೆಯೆಂದು ಹಿಗ್ಗಿ ಬಾಗಿನ ಅರ್ಪಿಸುತ್ತಾರೆ. ಕೋಡಿಗೂ ಏರಿಯ ತಲೆಗೂ ನಡುವೆ ಉಳಿದ ಅಡಿಗಳನ್ನು ನಷ್ಟವೆಂದು ಲೆಕ್ಕ ಹಾಕಿದವರಿಲ್ಲ. ಆ ಎಡೆಯನ್ನೂ ತುಂಬಿಸಹೊರಟರೆ ಮಣ್ಣಿನ ಏರಿ ಕೊರೆದುಹೋಗಿ, ಇದ್ದ ನೀರೂ ಇಲ್ಲದಂತಾಗುವುದು. ಆದುದರಿಂದ ಕೆರೆಯ ಪೂರ್ಣತೆಯೆಂದರೆ ಅದರ ಅಂಚಿನವರೆಗಿನ ಅಳತೆಯಲ್ಲ. ಅದರ ಏರಿ ವರ್ಷಾಂತರಗಳವರೆಗೆ ತಾಳಬಲ್ಲ ಅಳತೆ.

ಈ ತತ್ತ್ವವನ್ನು ಬ್ಯಾಟರಿಯ ವಿಷಯದಲ್ಲಿ ಕಷ್ಟಪಟ್ಟು ಕಲಿತವರೊಬ್ಬರು ಕೆಂಪಾಂಬುಧಿಗೆ ನಡೆದು ಹೋಗುವಷ್ಟು ದೂರದಲ್ಲಿಯೇ ಇದ್ದಾರೆ. ಎಪ್ಪತ್ತು ದಾಟಿದ ಹಿರಿಯರು. ಲೆಕ್ಕಪತ್ರದ ಕಛೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅವರ ಪತ್ನಿ ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಏಳು ಹಾಡಿನ ಪುಸ್ತಕಗಳು ದೊರೆತವು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ಗೌರಿಯ ಹಾಡು, ತೊಟ್ಟಿಲ ಹಾಡು, ಹೀಗೆ ತಾಯಿಯಿಂದಲೂ ಅತ್ತೆಯಿಂದಲೂ ನೆರೆಮನೆಯವರಿಂದಲೂ ಕೇಳಿ ಆಕೆ ನಲವತ್ತು ವರ್ಷ ಬರೆದಿಟ್ಟುಕೊಂಡವು. ಬಲಗಡೆಯ ಪುಟದಲ್ಲಿ ಮಾತ್ರ ಹಾಡು. ಎಡಗಡೆಯ ಪುಟ ಖಾಲಿ. ಯಾರಾದರೂ ಮುದುಕಿಯರಿಗೆ ಮರೆತ ನುಡಿಯೊಂದು ನೆನಪಾದರೆ ಅದನ್ನು ಸೇರಿಸುವುದಕ್ಕೆ ಆ ಎಡೆ. ಅನೇಕ ಕಡೆ ಹಾಗೆ ಸೇರಿಸಿದ ನುಡಿಗಳೂ ಇದ್ದವು. ಪುಸ್ತಕದ ಕಾಗದ ಹಳದಿಯಾಗಿ ಮುರಿಯತೊಡಗಿದುದರಿಂದ, ಹಿರಿಯರು ಆ ಹಾಡುಗಳನ್ನೆಲ್ಲ ಗಣಕದಲ್ಲಿ ಬೆರಳಚ್ಚು ಮಾಡಿ ಉಳಿಸಬೇಕೆಂದು ಸಂಕಲ್ಪಿಸಿದರು. 2019ರಲ್ಲಿ ಮಗನು ಕೊಡಿಸಿದ ಲ್ಯಾಪ್‌ಟಾಪೊಂದು ಮನೆಯಲ್ಲಿತ್ತು. ಅದನ್ನು ಪಡಸಾಲೆಯ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು ಪ್ರತಿದಿನ ಬೆಳಗ್ಗೆ ಎರಡು ಗಂಟೆ ಕುಳಿತುಕೊಳ್ಳುತ್ತಿದ್ದರು.

ಪ್ಲಗ್ಗನ್ನು ಅವರು ಎಂದೂ ತೆಗೆಯಲಿಲ್ಲ. ಕರೆಂಟು ಹೋದರೆ ಕೆಲಸ ನಿಲ್ಲಬಾರದು, ಯಾವಾಗಲೂ ತುಂಬಿಯೇ ಇರಲಿ ಎಂಬುದು ಅವರ ಎಚ್ಚರಿಕೆ. ಹೀಗೆ ನಾಲ್ಕು ಬೇಸಗೆಗಳು ಕಳೆದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬೀಳುತ್ತಿತ್ತು. ಬ್ಯಾಟರಿಯ ಗುರುತು ನೂರನ್ನೇ ತೋರಿಸುತ್ತಿತ್ತು. ಒಂದು ದಿನ ಗಣಕದ ಮುಚ್ಚಳ ಸರಿಯಾಗಿ ಕೂರಲಿಲ್ಲ. ಮರುದಿನ ಅಂಗೈ ಊರುವ ಜಾಗ ಒಂದು ಗುಳ್ಳೆಯಂತೆ ಮೇಲೆದ್ದಿತ್ತು. ಹಿರಿಯರು ಅದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಆಟೋ ಹಿಡಿದು ಎಸ್.ಪಿ. ರಸ್ತೆಗೆ ಹೋದರು. ಅಲ್ಲಿಯ ಅಂಗಡಿಯೊಂದರ ತರುಣನು ತಳವನ್ನು ಬಿಚ್ಚಿ ನೋಡಿ ಕೈ ಹಿಂದೆಗೆದನು.

“ಸಾರ್, ಇದನ್ನು ಇನ್ನೊಂದು ದಿನವೂ ಬಳಸಬೇಡಿ. ಬ್ಯಾಟರಿ ಉಬ್ಬಿದೆ. ಒತ್ತಿದರೆ, ಚುಚ್ಚಿಹೋದರೆ ಬೆಂಕಿ ಹತ್ತಬಹುದು.”

“ಒಳಗೆ ಹಾಡುಗಳಿವೆಯಲ್ಲಪ್ಪ, ನೂರಾ ಹನ್ನೆರಡು?” ಎಂದು ಅವರು ಕೇಳಿದರು.

ತರುಣನಿಗೆ ಹಾಡಿನ ಸಂಗತಿ ತಿಳಿಯದು. ಆದರೆ ಮುಖವನ್ನು ನೋಡಿ ಅರ್ಥಮಾಡಿಕೊಂಡು, ಬರೆದದ್ದೆಲ್ಲ ಬೇರೆ ಭಾಗದಲ್ಲಿರುತ್ತದೆ, ಅದಕ್ಕೆ ಅಪಾಯವಿಲ್ಲವೆಂದು ಸಮಾಧಾನ ಹೇಳಿದನು. ಹೊಸ ಬ್ಯಾಟರಿ ಬರುವುದಕ್ಕೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನವೂ ಅವರು ಬೆಳಗ್ಗೆ ಅದೇ ಹೊತ್ತಿಗೆ ಆ ಮೇಜಿನ ಮುಂದೆ ಕುಳಿತು, ಪುಸ್ತಕವನ್ನು ತೆರೆಯದೆ ಎದ್ದು ಹೋಗುತ್ತಿದ್ದರು. ಯಂತ್ರ ಮರಳಿ ಬಂದು ಹಾಡುಗಳೆಲ್ಲ ಇದ್ದಂತೆಯೇ ಕಾಣಿಸಿದ ಮೇಲೆ ಅವರಿಗೆ ನೆಮ್ಮದಿಯಾಯಿತು.

ಮೊಮ್ಮಗಳು ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಯಂತ್ರ ಮನೆಗೆ ಬಂದ ದಿನವೇ ಅದರಲ್ಲೇನೋ ತಿದ್ದಿ, “ತಾತ, ಇನ್ನು ಮೇಲೆ ನೀವು ಪ್ಲಗ್ಗು ತೆಗೆಯದಿದ್ದರೂ ಇದು ಎಂಬತ್ತಕ್ಕೆ ನಿಂತುಕೊಳ್ಳುತ್ತದೆ” ಎಂದಳು.

“ಏಕಮ್ಮ? ದುಡ್ಡು ತೆತ್ತದ್ದು ನೂರಕ್ಕೆ, ಬಳಸುವುದು ಎಂಬತ್ತೆ? ಮೆಟ್ಟಿಲ ಕೆಳಗೆ ಇನ್ವರ್ಟರ್ ಬ್ಯಾಟರಿ ಇಲ್ಲವೆ? ಅದನ್ನು ಸದಾ ತುಂಬಿಸಿಯೇ ಇಟ್ಟಿದ್ದೇನೆ. ಅದೇನು ಉಬ್ಬಿತೆ?”

ಪ್ರಶ್ನೆ ನ್ಯಾಯವಾದದ್ದೇ. ಎರಡನ್ನೂ ಬ್ಯಾಟರಿಯೆಂದೇ ಕರೆಯುತ್ತಾರೆ. ಎರಡಕ್ಕೂ ಗೋಡೆಯ ವಿದ್ಯುತ್ತೇ ಆಹಾರ. ಹೀಗಿದ್ದೂ ಒಂದರ ಪಥ್ಯ ಇನ್ನೊಂದಕ್ಕೆ ಅಪಥ್ಯ. ಮೆಟ್ಟಿಲ ಕೆಳಗಿನದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಅದರ ಮೂಲರೂಪವನ್ನು ಫ್ರಾನ್ಸ್ ದೇಶದ ಪ್ಲಾಂಟೆ ಎಂಬಾತನು 1859ರಲ್ಲಿಯೇ ಮಾಡಿದ್ದನು. ಅದರಿಂದ ವಿದ್ಯುತ್ತನ್ನು ತೆಗೆದಂತೆಲ್ಲ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟು ಕಟ್ಟುತ್ತದೆ. ಕೂಡಲೆ ಮತ್ತೆ ತುಂಬಿಸಿದರೆ ಕರಗುತ್ತದೆ. ಅರೆಬರೆ ತುಂಬಿಸಿ ಬಹುಕಾಲ ಬಿಟ್ಟರೆ ಅದು ಗಟ್ಟಿಯಾದ ಹರಳಾಗಿ ಕುಳಿತು ಫಲಕವನ್ನೇ ನಿಷ್ಪ್ರಯೋಜಕವಾಗಿ ಮಾಡುತ್ತದೆ. ಆದುದರಿಂದ ಅದನ್ನು ಸದಾ ತುಂಬಿಸಿಟ್ಟು, ಆಗಾಗ ಬಟ್ಟಿ ಇಳಿಸಿದ ನೀರು ಹಾಕುವುದು ಸರಿಯಾದ ಕ್ರಮ. ಇನ್ನು ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿಯೇ ಮತ್ತೆ ತುಂಬಿಸಬೇಕೆಂದು ಕೆಲವರು ಹೇಳುವುದುಂಟು. ಅದು ನಿಕಲ್ ಮತ್ತು ಕ್ಯಾಡ್ಮಿಯಮ್ ಲೋಹಗಳ ಹಳೆಯ ಬ್ಯಾಟರಿಗೆ ಹೇಳಿದ ನಿಯಮ. ಆ ಬ್ಯಾಟರಿ ಬಳಕೆಯಿಂದ ಬಹುಮಟ್ಟಿಗೆ ಸರಿಯಿತು. ನಿಯಮ ಮಾತ್ರ ಬಾಯಿಂದ ಬಾಯಿಗೆ ಉಳಿದುಬಂದಿತು.

ಗಣಕದೊಳಗಿನದು ಲಿಥಿಯಮ್ ಬ್ಯಾಟರಿ. ಇದಕ್ಕೆ ತಳಹದಿ ಹಾಕಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಜಪಾನಿನ ಸೋನಿ ಸಂಸ್ಥೆ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಒಂದು ಕಡೆ ಕೋಬಾಲ್ಟು ಮೊದಲಾದ ಲೋಹದ ಆಕ್ಸೈಡು, ಇನ್ನೊಂದು ಕಡೆ ಪೆನ್ಸಿಲಿನ ಕಡ್ಡಿಯಲ್ಲಿರುವಂಥ ಗ್ರಾಫೈಟು. ನಡುವೆ ಒಂದು ದ್ರವ. ತುಂಬಿಸುವಾಗ ಲಿಥಿಯಮ್ಮಿನ ಕಣಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳಲ್ಲಿ ಹೋಗಿ ಸೇರುತ್ತವೆ. ಬಳಸುವಾಗ ತವರಿಗೆ ಹಿಂದಿರುಗುತ್ತವೆ. ಈ ಹೋಗಿಬರುವುದರಲ್ಲಿಯೇ ಬ್ಯಾಟರಿಯ ಜೀವವಿದೆ. ನೂರಕ್ಕೆ ನೂರು ತುಂಬಿದಾಗ ಇಂಥ ಒಂದು ಕೋಶದ ಒತ್ತಡ ಸಾಮಾನ್ಯವಾಗಿ 4.2 ವೋಲ್ಟಿನ ಸುತ್ತಮುತ್ತ ಇರುತ್ತದೆ. ಆಗ ಆಕ್ಸೈಡಿನ ಮನೆಯಿಂದ ಹೋಗಬಹುದಾದವರೆಲ್ಲ ಹೊರಟುಹೋಗಿರುವುದರಿಂದ ಅದರ ಕಟ್ಟಡ ಬಿಗಿತಕ್ಕೆ ಸಿಕ್ಕಿರುತ್ತದೆ. ನಡುವಿನ ದ್ರವವು ಆ ಒತ್ತಡವನ್ನು ತಾಳಲಾರದೆ ಸ್ವಲ್ಪ ಸ್ವಲ್ಪವಾಗಿ ಕೆಡುತ್ತದೆ. ಗ್ರಾಫೈಟಿನ ಮೇಲೆ ಮೊದಲೇ ಕಟ್ಟಿಕೊಂಡಿದ್ದ ತೆಳುಪೊರೆಯೂ ದಪ್ಪವಾಗುತ್ತ, ಓಡಾಡಬೇಕಾದ ಲಿಥಿಯಮ್ಮಿನಲ್ಲಿ ಒಂದಂಶವನ್ನು ನುಂಗಿಬಿಡುತ್ತದೆ. ಹೀಗೆ ಕೆಡುವಾಗ ಅನಿಲ ಹುಟ್ಟುವುದೂ ಉಂಟು. ಆ ಅನಿಲವೇ ಬ್ಯಾಟರಿ ಉಬ್ಬುವುದಕ್ಕೆ ಕಾರಣ. ಇವೆಲ್ಲ ಯಾವ ಬ್ಯಾಟರಿಯಲ್ಲಿಯೂ ನಿಧಾನವಾಗಿ ನಡೆದೇ ನಡೆಯುವ ಕೆಲಸಗಳು. ಆದರೆ ತುಂಬಿದ ಸ್ಥಿತಿ ಅವುಗಳ ವೇಗವನ್ನು ಹೆಚ್ಚಿಸುತ್ತದೆ. ಶಾಖ ಇನ್ನೂ ಹೆಚ್ಚಿಸುತ್ತದೆ. ಎರಡೂ ಕೂಡಿದರೆ ಹೇಳತಕ್ಕದ್ದೇನು? ಕಿಟಕಿಯ ಬಿಸಿಲಿನಲ್ಲಿ ನಾಲ್ಕು ಬೇಸಗೆ ನೂರರಲ್ಲಿಯೇ ನಿಂತ ಬ್ಯಾಟರಿಗೆ ಎರಡೂ ಕೂಡಿದ್ದವು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕುವುದು ಅಗತ್ಯ. ಪ್ಲಗ್ಗು ತೆಗೆಯದಿದ್ದರೆ ತುಂಬಿದ ಮೇಲೂ ವಿದ್ಯುತ್ತು ನುಗ್ಗುತ್ತಲೇ ಇರುತ್ತದೆಂದು ಹಲವರು ನಂಬಿದ್ದಾರೆ. ಹಾಗಲ್ಲ, ತುಂಬಿದೊಡನೆ ಯಂತ್ರವು ತಾನಾಗಿ ಬ್ಯಾಟರಿಗೆ ತುಂಬುವುದನ್ನು ನಿಲ್ಲಿಸುತ್ತದೆ. ಕೆಡಕು ಹೆಚ್ಚಾಗಿ ತುಂಬುವುದರಲ್ಲಿಲ್ಲ, ತುಂಬಿಯೇ ಬಹುಕಾಲ ನಿಂತಿರುವುದರಲ್ಲಿದೆ. ಕೆರೆಯ ಏರಿಗೂ ಒಂದು ದಿನದ ನೆರೆಗಿಂತ ತಿಂಗಳುಗಟ್ಟಲೆ ನಿಂತ ನೀರಿನ ಒತ್ತು ಬೇರೆಯಾದ ಪರೀಕ್ಷೆಯಷ್ಟೆ. ಲೆನೊವೊ, ಡೆಲ್, ಏಸಸ್ ಮೊದಲಾದ ತಯಾರಕರು ತಮ್ಮ ಅನೇಕ ಮಾದರಿಗಳಲ್ಲಿ 80ಕ್ಕೋ ಇನ್ನೂ ಕೆಳಗೋ ನಿಲ್ಲಿಸುವ ಏರ್ಪಾಟನ್ನು ತಾವೇ ಇಟ್ಟಿರುವುದು ಈ ಕಾರಣದಿಂದಲೇ. ಒಂದು ಸಲ ಆ ಏರ್ಪಾಟನ್ನು ಮಾಡಿಕೊಂಡರೆ ಯಂತ್ರವು ಗೋಡೆಯ ವಿದ್ಯುತ್ತಿನಿಂದ ನಡೆಯುತ್ತಿದ್ದು, ಬ್ಯಾಟರಿ 80ರಲ್ಲಿ ವಿಶ್ರಮಿಸುತ್ತಿರುತ್ತದೆ.

ಹಿರಿಯರು ಲೆಕ್ಕದವರು; ಅಷ್ಟಕ್ಕೆ ಸುಮ್ಮನಾಗಲಿಲ್ಲ. “ನಾಲ್ಕು ವರ್ಷಕ್ಕೆ ನೂರು ಎಂಬತ್ತಾದೀತು ಎಂಬ ಹೆದರಿಕೆಯಿಂದ ಇವತ್ತೇ ಎಂಬತ್ತಕ್ಕೆ ಇಳಿಸಿದ್ದೀಯೆ. ಮುಂದೆ ಬರುವ ನಷ್ಟವನ್ನು ಈಗಲೇ ಖರ್ಚು ಬರೆದಂತಾಯಿತಲ್ಲಮ್ಮ?” ಎಂದರು.

ಈ ಆಕ್ಷೇಪವನ್ನು ಬುದ್ಧಿವಂತರು ಅನೇಕರು ಮಾಡುತ್ತಾರೆ. ಮೇಲುನೋಟಕ್ಕೆ ಅದು ತಪ್ಪೆಂದು ತೋರುವುದೂ ಇಲ್ಲ. ಮೊಮ್ಮಗಳು ಅವರ ಭಾಷೆಯಲ್ಲಿಯೇ ಉತ್ತರ ಕೊಟ್ಟಳು. “ಇದು ಖರ್ಚಲ್ಲ ತಾತ, ಠೇವಣಿ. ನೀವು ಊರಿಗೆ ಹೊರಟ ದಿನ ಒಂದು ಗುಂಡಿ ಒತ್ತಿದರೆ ನೂರೂ ತುಂಬುತ್ತದೆ. ಹಳೆಯ ಬ್ಯಾಟರಿ ಕಳೆದುಕೊಂಡದ್ದನ್ನು ಯಾವ ಗುಂಡಿ ಒತ್ತಿ ತರುತ್ತೀರಿ?” ಎರಡು ಇಪ್ಪತ್ತುಗಳೂ ಅಂಕಿಯಲ್ಲಿ ಒಂದೇ, ಗುಣದಲ್ಲಿ ಒಂದಲ್ಲ. ತಾನಾಗಿ ಬಿಟ್ಟುಕೊಟ್ಟದ್ದು ಬೇಕೆಂದಾಗ ಬರುತ್ತದೆ, ಕೆಟ್ಟುಹೋದದ್ದು ಬಾರದು. ಅಲ್ಲದೆ ದಿನವೂ ಪ್ಲಗ್ಗಿನ ಪಕ್ಕದಲ್ಲಿಯೇ ಕುಳಿತು ಬರೆಯುವವರಿಗೆ ಆ ಇಪ್ಪತ್ತರ ಉಪಯೋಗವೇ ಇರಲಿಲ್ಲ. ಇಲ್ಲದ ಉಪಯೋಗಕ್ಕಾಗಿ ನಾಲ್ಕು ವರ್ಷವೂ ಬ್ಯಾಟರಿಯ ಆಯುಸ್ಸನ್ನು ತೆತ್ತದ್ದೇ ನಿಜವಾದ ಖರ್ಚು. ಹಿರಿಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜನ್ನು ಕಿಟಕಿಯಿಂದ ಒಳಗಡೆಗೆ ಎಳೆದು ಹಾಕಿಸಿದರು.

ಅದೇ ಮನೆಯಲ್ಲಿ ಮೊಮ್ಮಗಳ ಗಣಕ ಮಾತ್ರ ಪ್ರತಿದಿನ ಬೆಳಗ್ಗೆ ನೂರಕ್ಕೆ ತುಂಬುತ್ತದೆ. ಇದನ್ನು ಕಂಡು ಹಿರಿಯರು ಮೊದಲು ಹುಬ್ಬೇರಿಸಿದರು. ಆದರೆ ಅವಳು ಎಂಟು ಗಂಟೆಗೆ ಮನೆ ಬಿಟ್ಟರೆ ಸಂಜೆಯವರೆಗೆ ಪ್ಲಗ್ಗಿನ ಮುಖ ಕಾಣುವುದಿಲ್ಲ. ತುಂಬಿದ ಗಳಿಗೆಯಿಂದಲೇ ಖರ್ಚು ಆರಂಭವಾಗುತ್ತದೆ. ಅಂಥವಳು 80ಕ್ಕೆ ನಿಲ್ಲಿಸಿ ಮಧ್ಯಾಹ್ನದ ಪಾಠಕ್ಕೆ ಯಂತ್ರವಿಲ್ಲದೆ ಕುಳಿತರೆ ಅದು ವಿವೇಕವಲ್ಲ. ಒಂದೇ ಸೂರಿನ ಕೆಳಗೆ ಇನ್ವರ್ಟರಿಗೆ ಒಂದು ನಿಯಮ, ತಾತನ ಗಣಕಕ್ಕೆ ಒಂದು, ಮೊಮ್ಮಗಳದಕ್ಕೆ ಇನ್ನೊಂದು. ನಿಯಮವನ್ನು ಕೊಡುವುದು ವಸ್ತುವಿನ ಸ್ವಭಾವ ಮತ್ತು ಅದರ ವಿನಿಯೋಗ, ಬಾಯಿಪಾಠವಲ್ಲ. ತಿಂಗಳುಗಟ್ಟಲೆ ಬಳಸದೆ ಇಡುವ ಯಂತ್ರವನ್ನು ಸುಮಾರು ಅರ್ಧ ತುಂಬಿಸಿ ತಂಪಾದ ಕಡೆ ಇಡತಕ್ಕದ್ದು. ಪೂರ್ತಿ ಬರಿದಾಗಿ ಬಿದ್ದಿರುವುದೂ ಬ್ಯಾಟರಿಗೆ ಹಿತವಲ್ಲ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಗಾಳಿಯ ಕಂಡಿಯನ್ನು ಮುಚ್ಚುವವರು 80ರ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೂ ಬಂದ ಲಾಭ ಶಾಖದಲ್ಲಿ ಹೋಗುತ್ತದೆ.

ಇನ್ನು ಕೆಲವರ ಎಚ್ಚರಿಕೆ ವ್ಯಾಧಿಯ ರೂಪವನ್ನು ತಾಳುತ್ತದೆ. ಅಂಕಿ 79 ಆದೊಡನೆ ಓಡಿಹೋಗಿ ಪ್ಲಗ್ಗು ಕೀಳುವುದು, 40 ಆದೊಡನೆ ಮತ್ತೆ ಸಿಕ್ಕಿಸುವುದು, ನಡುವೆ ಓದುತ್ತಿದ್ದುದನ್ನು ಮರೆಯುವುದು! ಬಂದ ನೆಂಟರೊಡನೆ ಮಾತನಾಡುವಾಗಲೂ ಅವರ ಒಂದು ಕಣ್ಣು ಬ್ಯಾಟರಿಯ ಮೇಲೆಯೇ. ಬ್ಯಾಟರಿಯಿರುವುದು ಕೆಲಸಕ್ಕಾಗಿ; ಕೆಲಸವಿರುವುದು ಬ್ಯಾಟರಿಗಾಗಿ ಅಲ್ಲ. ಕೋಡಿಯ ಹೆಚ್ಚಳವೇ ಇದರಲ್ಲಿದೆ: ಒಂದು ಸಲ ಬುದ್ಧಿಯಿಂದ ಕಟ್ಟಿದರೆ ಸಾಕು, ಮಳೆ ಬಂದ ರಾತ್ರಿಯೆಲ್ಲ ಊರು ಏರಿಯ ಮೇಲೆ ಕಾದು ನಿಲ್ಲಬೇಕಾಗಿಲ್ಲ. ಯಂತ್ರದಲ್ಲಿಯೇ ಮಿತಿಯನ್ನಿಟ್ಟು ಅದನ್ನು ಮರೆತುಬಿಡಬಲ್ಲವನು ಸುಖಿ. ಹಾಗೆ ಮರೆತೇ ಗವೀಪುರದ ಹಿರಿಯರು ಹಾಡುಗಳಲ್ಲಿ ಮುಳುಗಿದ್ದಾರೆ. ಐದು ಪುಸ್ತಕಗಳು ಮುಗಿದಿವೆ. ಪತ್ನಿ ಬಿಟ್ಟ ಎಡಪುಟದ ಜಾಗದಲ್ಲಿ ಈಚೆಗೆ ಅವರ ನಾದಿನಿಯೊಬ್ಬರು ಉರುಟಣೆಯ ಹಾಡಿನ ಎರಡು ನುಡಿಗಳನ್ನು ನೆನಪು ಮಾಡಿಕೊಂಡು ಬರೆಸಿದರು.

ಒಂದು ಮನೆಯ ಈ ಮಿತವ್ಯಯಕ್ಕೆ ಹೊರಗಿನ ಲೋಕದಲ್ಲಿಯೂ ಅರ್ಥವಿದೆ. ಗ್ರೀಕ್ ಭಾಷೆಯಲ್ಲಿ ಲಿಥೋಸ್ ಎಂದರೆ ಕಲ್ಲು. 1817ರಲ್ಲಿ ಸ್ವೀಡನ್ ದೇಶದವನೊಬ್ಬನು ಕಲ್ಲಿನೊಳಗೆ ಈ ಧಾತುವನ್ನು ಕಂಡುದರಿಂದ ಅದಕ್ಕೆ ಲಿಥಿಯಮ್ ಎಂಬ ಹೆಸರು ಬಂದಿತು. ಕರ್ನಾಟಕದಲ್ಲಿಯೇ, ಮಂಡ್ಯ ಜಿಲ್ಲೆಯ ಮರಳಗಾಲ ಮತ್ತು ಅಲ್ಲಾಪಟ್ಟಣದ ಬಳಿಯ ಶಿಲೆಗಳಲ್ಲಿ, ಈ ಧಾತು ಇದೆಯೆಂದು ಭಾರತ ಸರ್ಕಾರದ ಪರಮಾಣು ಖನಿಜ ವಿಭಾಗದವರು ಕಂಡರು. ಮೊದಲು, 2020ರಲ್ಲಿ, ಹದಿನಾಲ್ಕು ಸಾವಿರ ಟನ್ನುಗಳಷ್ಟಿದೆಯೆಂದು ಸುದ್ದಿಯಾಯಿತು. ಮುಂದಿನ ವರ್ಷ ಸರ್ಕಾರ ಕೊಟ್ಟ ಅಂದಾಜು 1600 ಟನ್ನು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದ ವಿದ್ಯುತ್ತಿಗೆ ಮೂಲ ಮಳೆ. ಅದು ವರ್ಷವರ್ಷವೂ ಮರಳಿ ಬರುತ್ತದೆ. ಕಲ್ಲಿನಲ್ಲಿಯ ಧಾತುವಾದರೋ ಒಂದು ಸಲ ಅಗೆದರೆ ಮತ್ತೆ ಬೆಳೆಯತಕ್ಕದ್ದಲ್ಲ. ಎರಡು ವರ್ಷಕ್ಕೆ ಎಸೆಯಬೇಕಾಗಿದ್ದ ಬ್ಯಾಟರಿಯನ್ನು ಐದು ವರ್ಷ ಬಾಳಿಸಿದವನು ಎಲ್ಲಿಯೋ ಒಂದು ಬೆಟ್ಟದ ಅಗೆತವನ್ನು ಅಷ್ಟರಮಟ್ಟಿಗೆ ತಡೆದಂತಾಯಿತು. ಆಯುಸ್ಸು ತೀರಿದ ಬ್ಯಾಟರಿಯನ್ನೂ ಬೀದಿಯ ಕಸದಲ್ಲಿ ಹಾಕಕೂಡದು. ಅದನ್ನು ಪಡೆದು ಧಾತುಗಳನ್ನು ಬೇರ್ಪಡಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಇಟ್ಟಿವೆ. ಅವರಿಗೆ ತಲಪಿಸುವುದು ಗೃಹಸ್ಥನ ಕರ್ತವ್ಯ.

ಪೂರ್ಣಕುಂಭಕ್ಕೆ ಇದರಿಂದ ಯಾವ ಅಗೌರವವೂ ಇಲ್ಲ. ಕುಂಭವನ್ನು ತುಂಬುವುದು ಎದುರುಗೊಳ್ಳುವ ಆ ಗಳಿಗೆಗಾಗಿ. ಮಂಗಳ ಮುಗಿದ ಮೇಲೆ ಆ ನೀರು ಗಿಡದ ಬುಡಕ್ಕೋ ಮನೆಯವರ ತಲೆಗೋ ಪ್ರೋಕ್ಷಣೆಯಾಗಿ ಸಲ್ಲುತ್ತದೆ. ತುಂಬಿ, ಸಂದು, ಮತ್ತೆ ತುಂಬುವುದು ಅದರ ಧರ್ಮ. ಬಹುಕಾಲ ಹೊತ್ತು ನಿಲ್ಲಬೇಕಾದುದಕ್ಕೆ ಮಾತ್ರ ಕೋಡಿ ಬೇಕು. ಅದು ಕೆರೆಯಾಗಲಿ, ಬ್ಯಾಟರಿಯಾಗಲಿ, ಮನುಷ್ಯನ ದಿನಚರಿಯಾಗಲಿ. ಎಷ್ಟು ಹಿಡಿಯುತ್ತದೆ ಎಂದು ಕೇಳುವುದು ಎಲ್ಲರಿಗೂ ಬರುತ್ತದೆ. ಎಷ್ಟನ್ನು ಹಿಡಿದುಕೊಂಡು ಎಷ್ಟು ವರ್ಷ ನಿಂತೀತು ಎಂದು ಕೇಳಿದವರು ಕಟ್ಟಿದ ಕೆರೆಗಳಲ್ಲಿ ಕೆಲವಾದರೂ ಇಂದಿಗೂ ನೀರು ಹೊತ್ತಿವೆ.